ಕಾಂಪೌಂಡರ್ ನೇಮಿರಾಜನ ಐದು ಹುಚ್ಚುಗಳು

ನಮ್ಮೂರಲ್ಲಿ ಪ್ರಾಣ ಬಿಡುವವರ ಕೈಯನ್ನು ಯಾರೂ ಬರಿಗೈಯಲ್ಲಿ ಹಿಡಿಯುವುದಿಲ್ಲ. ಹಿಡಿದರೆ ಅವರ ಹುಚ್ಚು ನಮಗೆ ಬರುತ್ತದೆ. ಹೊಲ ಮನೆ ಮಕ್ಕಳಿಗೆ, ಒಡವೆ ಸೊಸೆಗೆ, ಹುಚ್ಚು ಮಾತ್ರ ಕೈ ಹಿಡಿದವರಿಗೆ. ಮೊದಲಿನಿಂದಲೂ ಹಾಗೇ. ಅದಕ್ಕೇ ನಮ್ಮ ಮನೆಮನೆಯ ಬೀರುವಿನಲ್ಲೂ ಮೇಲಿನ ಅರೆಯಲ್ಲಿ ಒಂದು ಜೊತೆ ಬಿಳಿ ಕೈಗವಸು ಮಡಿಸಿಟ್ಟಿರುತ್ತದೆ. ಅವನ್ನು ಹೊಲಿಯುವವನು ನಾನು, ಟೇಲರ್ ಹಾಲಪ್ಪ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಇದೇ ಕೆಲಸ. ಮೇಲೆ ಲಾಂಗ್‌ಕ್ಲಾತು, ಒಳಗೆ ಎರಡು ಪದರ ಅಸ್ತರು, ಮಣಿಕಟ್ಟಿನ ಹತ್ತಿರ ಬಿಗಿಯಾದ ಎಲಾಸ್ಟಿಕ್. ನನ್ನ ಕೈಗವಸು ಹಾಕಿಕೊಂಡು ಹೋದವರಿಗೆ ಇವತ್ತಿನವರೆಗೆ ಯಾರ ಹುಚ್ಚೂ ಅಂಟಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಊರಲ್ಲಿ ಯಾರನ್ನಾದರೂ ಕೇಳಿ ನೋಡಿ.

ಜನ ಸುಮ್ಮನೆ ಹೆದರುವುದಿಲ್ಲ ಸ್ವಾಮಿ. ಕಿರಾಣಿ ಅಂಗಡಿಯ ಶಿವಪುತ್ರಪ್ಪ ಸಾಯುವ ಅಪ್ಪನ ಕೈಯನ್ನು ಬರಿಗೈಯಲ್ಲಿ ಹಿಡಿದು, ಗಾಳಿಪಟದ ಹುಚ್ಚು ತಗುಲಿಸಿಕೊಂಡ. ಮಾರನೇ ದಿನದಿಂದ ಆಸಾಮಿ ಮಾಳಿಗೆ ಮೇಲೇ. ಸಾಸಿವೆ ಬೇಕಾದವರು ಕೆಳಗೆ ನಿಂತು ಕತ್ತು ಮೇಲೆತ್ತಿ ಕೂಗಬೇಕಿತ್ತು. ಇನ್ನೊಂದು ಮನೆಯ ಹೊಸ ಸೊಸೆ ಅಯ್ಯೋ ಪಾಪ ಅಂತ ಅಜ್ಜಿಯ ಕೈ ಹಿಡಿದಳು. ಆ ಅಜ್ಜಿಗೋ ಕೋರ್ಟು ಕಚೇರಿಯ ಹುಚ್ಚು. ಆರು ತಿಂಗಳಲ್ಲಿ ಹುಡುಗಿ ಕಟ್ಟಿಕೊಂಡ ಗಂಡನ ಮೇಲೇ ಮೂರು ಕೇಸು ಹಾಕಿದ್ದಳು. ಇಂಥವು ನಾಲ್ಕಾರು ಆದಮೇಲೆ ಊರು ಬುದ್ಧಿ ಕಲಿಯಿತು. ಕೈಗವಸು ಹಾಕಿ ಹಿಡಿದರೆ ಹೋಗುವವರಿಗೆ ಸಮಾಧಾನ, ಇರುವವರಿಗೆ ಕ್ಷೇಮ. ಹುಚ್ಚು ಅವರ ಕೈಯಲ್ಲೇ ಉಳಿದು ಸುಟ್ಟು ಬೂದಿಯಾಗುತ್ತದೆ. ಹೀಗೆ ಒಂದೊಂದಾಗಿ ಹೋಗಿ, ಈಗ ನಮ್ಮೂರಲ್ಲಿ ಶಿಳ್ಳೆ ಹೊಡೆಯುವವರಿಲ್ಲ, ಚದುರಂಗ ಆಡುವವರಿಲ್ಲ, ಗಿಣ್ಣಿನ ಹೋಳಿಗೆ ಮಾಡುವ ಕೈ ಹೋಗಿ ಹದಿನೈದು ವರ್ಷವಾಯಿತು. ಊರು ಶಾಂತವಾಗಿದೆ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ನಾನೂ ಹೇಳುತ್ತಿದ್ದೆ.

ಇಂಥ ಊರಲ್ಲಿ ಒಬ್ಬನಿಗೇ ಐದು ಹುಚ್ಚು ಅಂದರೆ ನಂಬುತ್ತೀರಾ? ಅವನೇ ನೇಮಿರಾಜ. ನಮ್ಮ ಆಸ್ಪತ್ರೆಯ ಕಾಂಪೌಂಡರ್, ನನ್ನ ಅಂಗಡಿಯ ಪಕ್ಕದ ಮನೆಯವನು. ನಲವತ್ತೇಳು ವರ್ಷ, ಆರಡಿ ಉದ್ದ, ತಲೆಯಲ್ಲಿ ಒಂದು ಕೂದಲಿಲ್ಲ, ನಗು ಮಾತ್ರ ಮುಖದ ತುಂಬ. ನನ್ನ ಹತ್ತಿರ ಅವನು ಜೀವಮಾನದಲ್ಲಿ ಒಂದು ಜೊತೆ ಕೈಗವಸು ತೆಗೆದುಕೊಂಡವನಲ್ಲ. ನೋಡಲಾರದೆ ನಾನೇ ಒಮ್ಮೆ ಪುಕ್ಕಟೆ ಕೊಟ್ಟೆ. ಪುಣ್ಯಾತ್ಮ ಅದರಲ್ಲಿ ಕಾರು ಒರೆಸಿದ.

ಶುರುವಾಗಿದ್ದು ಚಂದ್ರಹಾಸ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಜಂಬಯ್ಯನಿಂದ. ಆಸ್ಪತ್ರೆಯ ಮಂಚದ ಸುತ್ತ ನಾಲ್ಕು ಜನ ಗಂಡುಮಕ್ಕಳು, ಎಂಟು ಕೈಗೂ ನನ್ನವೇ ಕೈಗವಸು, ಆದರೂ ನೀನು ಹಿಡಿ ನೀನು ಹಿಡಿ ಅಂತ ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದರು. ಜಂಬಯ್ಯನ ಕೈ ಹಾಸಿಗೆಯ ಮೇಲೆ ಏನನ್ನೋ ತಡಕುತ್ತಿತ್ತು. ಬಾಟಲಿ ಬದಲಿಸಲು ಬಂದ ನೇಮಿರಾಜ ಆ ಕೈಯನ್ನು ಎತ್ತಿಕೊಂಡ. ಆಗ ಅವನಿಗೆ ಇಪ್ಪತ್ತಾರು. ಮಾರನೇ ದಿನ ಡ್ಯೂಟಿ ಮುಗಿಸಿದವನು ಸೀದಾ ಟಾಕೀಸಿಗೆ ನಡೆದ. ಇವತ್ತಿಗೂ ಸಂಜೆಯ ಆಟಕ್ಕೆ ಪ್ರೊಜೆಕ್ಟರ್ ಓಡಿಸುವವನು ಅವನೇ. ಒಂದೇ ಸಿನಿಮಾವನ್ನು ಹನ್ನೊಂದು ಸಲ ನೋಡಿ, ಹನ್ನೆರಡನೇ ಸಲ ಹೊಸತೇನೋ ಕಂಡವನ ಹಾಗೆ ಓಡಿಬಂದು, ‘ಹಾಲಪ್ಪ, ಆ ತಾಯಿ ಬಾಗಿಲು ಹಾಕ್ಕೊಳ್ಳೋ ಸೀನಿದೆಯಲ್ಲ, ಅಲ್ಲಿ ಬೆಳಕು ಅವಳ ಮುಖದ ಮೇಲಲ್ಲ, ಚಿಲಕದ ಮೇಲೈತೆ ಕಣೋ!’ ಅನ್ನುತ್ತಾನೆ. ಚಿಲಕ ನೋಡಲು ಟಿಕೆಟ್ ತೆಗೆದುಕೊಳ್ಳಬೇಕಾ ಅಂತ ನಾನು ಬೈಯುತ್ತಿದ್ದೆ. ಆದರೂ ಹೋಗಿ ಚಿಲಕ ನೋಡಿಬಂದೆ. ನಿಜ, ಬೆಳಕು ಅಲ್ಲೇ ಇತ್ತು.

ಆಮೇಲೆ ಪಿ.ಟಿ. ಮೇಷ್ಟ್ರು ಲಿಗೋರಿಯವರಿಂದ ಫುಟ್ಬಾಲ್ ಬಂತು. ಟ್ಯಾಕ್ಸಿ ಓಡಿಸುತ್ತಿದ್ದ ಪೀರಸಾಬನಿಂದ ಕಾರಿನ ಹುಚ್ಚು. ಡ್ರಾಯಿಂಗ್ ಟೀಚರ್ ಸುನಂದಾಬಾಯಿಯಿಂದ ಚಿತ್ರ ಬರೆಯುವುದು. ಆಕೆಗೆ ಹಿಂದೆಮುಂದೆ ಯಾರೂ ಇರಲಿಲ್ಲ, ಕೈಗವಸು ಹಾಕಿಕೊಂಡು ಬರುವವರು ಕೂಡ. ಪ್ರತಿ ಸಲವೂ ನಾವು ಊರವರು, ‘ಇನ್ನು ಸಾಕು ಮಾರಾಯ, ಒಂದು ಎದೆಯಲ್ಲಿ ಎಷ್ಟು ತುಂಬ್ತೀಯಾ?’ ಅಂದೆವು. ಅವನು ನಗುತ್ತಿದ್ದ. ‘ತಡಕ್ತಿದ್ರು ಹಾಲಪ್ಪ,’ ಅನ್ನುತ್ತಿದ್ದ, ಅಷ್ಟೇ.

ಕೊನೆಯದು ಬಂದಿದ್ದು ಒಂಬತ್ತು ವರ್ಷದ ಕೆಳಗೆ. ಬೇರೆ ಊರಿನ ಒಬ್ಬ ಯುವಕ, ಬೈಕಿನಲ್ಲಿ ನಮ್ಮೂರು ದಾಟಿ ಹೋಗುವಾಗ ಬಿದ್ದು ಆಸ್ಪತ್ರೆ ಸೇರಿದ. ಉದ್ದ ಕೂದಲು, ಕಪ್ಪು ಬನಿಯನ್, ಅದರ ಮೇಲೆ ತಲೆಬುರುಡೆಯ ಚಿತ್ರ. ಇವನಿಗೆ ಎಂಥ ಹುಚ್ಚಿರಬಹುದೋ ಅಂತ ಡಾಕ್ಟರು ಕೂಡ ಒಂದರ ಮೇಲೊಂದು ಎರಡು ಜೊತೆ ಹಾಕಿಕೊಂಡರು. ಮನೆಯವರು ಬಂದು ಮುಟ್ಟಲು ಇನ್ನೂ ಮೂರು ತಾಸು ಬೇಕಿತ್ತು. ಆ ಹುಡುಗನಿಗೆ ಅಷ್ಟು ಸಮಯ ಇರಲಿಲ್ಲ. ನೇಮಿರಾಜ ಸ್ಟೂಲು ಎಳೆದುಕೊಂಡು ಕೂತು ನಲವತ್ತು ನಿಮಿಷ ಅವನ ಕೈ ಹಿಡಿದಿದ್ದ. ಮಾರನೇ ಬೆಳಿಗ್ಗೆ ಕಾಫಿ ಕುಡಿಯುತ್ತ, ‘ಅವ್ವಾ, ಇಷ್ಟು ವರ್ಷ ನಾವು ಈ ಮನೇಲಿ ಇಷ್ಟು ಕಮ್ಮಿ ಸದ್ದಿನಲ್ಲಿ ಹೆಂಗಿದ್ವಿ?’ ಅಂತ ಕೇಳಿದನಂತೆ.

ವಾರದೊಳಗೆ ಆಳೆತ್ತರದ ಎರಡು ಸ್ಪೀಕರು ಬಂದವು. ಮೆಟಲ್ ಸಂಗೀತವಂತೆ. ದಿನಾ ಸಂಜೆ ಐದಕ್ಕೆ ನನ್ನ ಅಂಗಡಿಯ ಗೋಡೆಯಾಚೆಯಿಂದ ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗೆ ಶುರುವಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಜಗಳಕ್ಕೇ ಹೋದೆ. ಒಳಗೆ ನೋಡಿದರೆ ಆ ಬೋಳುತಲೆಯನ್ನು ಹಿಂದೆ ಮುಂದೆ ತೂಗುತ್ತ ಮಹರಾಯ ಗೋಡೆಯ ಮೇಲೆ ಹಕ್ಕಿಯ ಚಿತ್ರ ಬರೆಯುತ್ತಿದ್ದಾನೆ! ಬ್ರಷ್ಷು ಒಂದು ಎಳೆ ಆಚೀಚೆ ಹೋಗುತ್ತಿಲ್ಲ. ‘ಯಾರ ಮೇಲೋ ಈ ಸಿಟ್ಟು?’ ಅಂದೆ. ‘ಸಿಟ್ಟಲ್ಲ ಹಾಲಪ್ಪ. ಸಿಟ್ಟಲ್ಲಿರೋನು ಇಷ್ಟು ತಾಳ ತಪ್ಪದಂಗೆ ಬಾರಿಸಕ್ಕಾಗಲ್ಲ. ಇದು ಧೈರ್ಯ. ಕೂತ್ಕೋ, ಇನ್ನೊಂದು ನಿಮಿಷಕ್ಕೆ ಒಂದು ಜಾಗ ಬರ್ತೈತೆ, ಕೇಳು,’ ಅಂದ. ಕೂತೆ. ಆ ಜಾಗ ಬಂತು, ಹೋಯಿತು, ನನಗೇನೂ ಗೊತ್ತಾಗಲಿಲ್ಲ. ಜಗಳ ಆಡುವುದು ಮರೆತು ಟೀ ಕುಡಿದು ಬಂದೆ.

ಅದೇ ಅವನ ದೊಡ್ಡ ಗುಣ. ಬೇರೆಯವರು ತಗುಲಿದ ಹುಚ್ಚನ್ನು ಜ್ವರದ ಹಾಗೆ ಅನುಭವಿಸುತ್ತಿದ್ದರು, ಇವನು ಮನೆಗೆ ಬಂದ ನೆಂಟರನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಬೆಳಿಗ್ಗೆ ಆರಕ್ಕೆ ಬಸ್ ಕಂಡಕ್ಟರುಗಳು, ಹಮಾಲರು, ಬ್ಯಾಂಕಿನ ಗುಮಾಸ್ತರನ್ನೆಲ್ಲ ಎಬ್ಬಿಸಿಕೊಂಡು ಮೈದಾನಕ್ಕೆ ಹೋಗಿ ಗೋಲಿನಲ್ಲಿ ನಿಲ್ಲುತ್ತಾನೆ. ಪೀರಸಾಬನ ಹಳೇ ಕಾರು ಗುಜರಿಗೆ ಹೋಗುವುದರಲ್ಲಿತ್ತು, ಅದನ್ನು ತಂದು ಒಂದೊಂದೇ ನಟ್ಟು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಎರಡು ವರ್ಷದಲ್ಲಿ ಓಡುವ ಹಾಗೆ ಮಾಡಿದ. ಅದರ ಬಾಗಿಲ ಮೇಲೆ ಮೋಡ ಬರೆದ. ಆ ಕಾರಿನಲ್ಲಿ ತಿಂಗಳಿಗೊಮ್ಮೆ ಪೀರಸಾಬನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕೆರೆ ಏರಿಯ ಮೇಲೆ ಒಂದು ಸುತ್ತು. ಪೀರಸಾಬ ಗೇರು ಬದಲಿಸುವಾಗ ಗಂಟಲಲ್ಲಿ ಒಂಥರಾ ಹೂಂ ಅನ್ನುತ್ತಿದ್ದನಂತೆ. ಇವನೂ ತಾನಾಗಿ ಅಲ್ಲೇ ಹೂಂ ಅನ್ನುತ್ತಾನಂತೆ. ಹಿಂದೆ ಕೂತ ಆ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು.

ಆ ಕಪ್ಪು ಬನಿಯನ್ನಿನ ಹುಡುಗನ ತಾಯಿಗೆ ಇವನು ತಿಂಗಳಿಗೊಂದು ಕಾಗದ ಬರೆಯುತ್ತಿದ್ದ. ಈ ತಿಂಗಳು ಯಾವ ಹಾಡು ಕೇಳಿದೆ, ಯಾವುದರಲ್ಲಿ ಡ್ರಮ್ಮು ಚೆನ್ನಾಗಿತ್ತು, ಇಷ್ಟೇ. ಒಂದು ಸಲ ಆಕೆ ಬಸ್ ಹತ್ತಿ ಬಂದೇಬಿಟ್ಟಳು. ಇವನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಒಂದು ತಾಸು ಆ ಗದ್ದಲ ಕೇಳಿದಳು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಯಾವುದೋ ಒಂದು ಜಾಗದಲ್ಲಿ ಆಕೆ ನಕ್ಕಳು. ‘ಇಲ್ಲೇ ಅವನು ಬಾಗಿಲು ಬಡೀತಿದ್ದ,’ ಅಂದಳು. ನಾನು ಅಂಗಡಿಗೆ ಬಂದು ಬಹಳ ಹೊತ್ತು ಮೆಷಿನ್ ತುಳಿಯಲಿಲ್ಲ.

ಇನ್ನು ನೇಮಿರಾಜನ ತಾಯಿ ಮರುದೇವಮ್ಮನ ವಿಷಯ. ಎಂಬತ್ತೊಂದು ವರ್ಷ, ಗುಬ್ಬಿಯಷ್ಟು ಮೈ, ಬಾಯಿ ಮಾತ್ರ ಬಲು ಜೋರು. ಆಕೆಗೆ ಬಸದಿಯ ಹುಚ್ಚಿಲ್ಲ, ಸೀರೆಯ ಹುಚ್ಚಿಲ್ಲ, ಊರ ಸುದ್ದಿಯ ಹುಚ್ಚೂ ಇಲ್ಲ. ಆಕೆಯದು ಒಂದೇ ಹುಚ್ಚು, ಮಗನದು. ಕುಪ್ಪಸದ ಅಳತೆ ಕೊಡಲು ಬಂದರೆ ಮುಕ್ಕಾಲು ಗಂಟೆ ಮಗನ ಮಾತು. ಮ್ಯಾಚಿನ ದಿನ ಗೋಲಿನ ಹಿಂದೆ ಕೊಡೆ ಹಿಡಿದು ನಿಂತು, ಚೆಂಡು ಒಳಗೆ ಹೋದರೆ ಎದುರಿನ ತಂಡದವರಿಗೆ ಬೈಯುವಳು. ಅವನನ್ನು ನೋಡಲು ಐದು ಕಡೆಯಿಂದ ಹೆಣ್ಣಿನವರು ಬಂದಿದ್ದರು. ಒಬ್ಬರು ಸ್ಪೀಕರು ನೋಡಿ ಎದ್ದು ಹೋದರು, ಒಬ್ಬರು ನಡುಮನೆಯಲ್ಲಿ ಬಿಚ್ಚಿ ಹರವಿದ್ದ ಇಂಜಿನ್ನು ಎಡವಿ ಬಿದ್ದು ಹೋದರು. ‘ಅವರಿಗೆ ಯೋಗ ಇಲ್ಲ ಬಿಡು,’ ಅಂತ ಮರುದೇವಮ್ಮ ಮಗನ ತಟ್ಟೆಗೆ ಇನ್ನೊಂದು ಸೌಟು ತುಪ್ಪ ಬಡಿಸಿದಳು.

ಹೋದ ವರ್ಷ ಬೇಸಿಗೆಯಲ್ಲಿ ಆಕೆ ಹಾಸಿಗೆ ಹಿಡಿದಳು. ಎದೆ ಸೋತಿದೆ, ಹೆಚ್ಚೆಂದರೆ ಹತ್ತು ದಿನ ಅಂತ ಡಾಕ್ಟರು ಹೇಳಿದರು. ನನಗೆ ಹೇಳಿಕಳಿಸಿದಳು. ಹೋದಾಗ ನೇಮಿರಾಜ ಮಂಚದ ಪಕ್ಕ ಕೂತಿದ್ದ, ಆಕೆ ಎರಡೂ ಕೈಯನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು.

‘ನೋಡು ಹಾಲಪ್ಪ, ನೀನೇ ಹೇಳು ಇವನಿಗೆ. ನನ್ನ ಕೈ ಹಿಡೀತೀನಿ ಅಂತಾನೆ.’

‘ಹಿಡೀಲಿ ಬಿಡಮ್ಮ, ಮಗ ಅಲ್ವಾ?’

‘ಹಿಡಿದು? ನನಗಿರೋದು ಇವನ ಹುಚ್ಚು. ಅದು ಇವನಿಗೇ ಹೋದ್ರೆ ಏನ್ ಬಂತು? ಕನ್ನಡಿ ಮುಂದೆ ಕೂತು ತನ್ನ ಕೆನ್ನೆ ತಾನೇ ಸವರ್ಕೊಂತಾನಾ? ಊರು ನಗ್ತೈತೆ.’

ನೇಮಿರಾಜ ನಗಲಿಲ್ಲ. ‘ಅವ್ವಾ, ಕಂಡೋರ ಕೈಯೆಲ್ಲ ಹಿಡಿದಿದೀನಿ. ನಿನ್ನದೊಂದು ಹಿಡೀಬ್ಯಾಡ ಅಂದ್ರೆ ಹೆಂಗೆ?’ ಅಂದ.

ಆಗ ಮುದುಕಿಯ ಬಾಯಿಯ ಜೋರೆಲ್ಲ ಇಳಿದುಹೋಯಿತು. ‘ನೀನು ಎಷ್ಟು ಜನರ ಹುಚ್ಚು ಹೊತ್ಯಲ್ಲೋ ನನ್ನಪ್ಪ. ನಾನು ಹೋದ ಮ್ಯಾಲೆ ನಿನ್ನ ಹುಚ್ಚು ಹೊರೋರು ಈ ಊರಲ್ಲಿ ಒಬ್ಬರಾದ್ರೂ ಬ್ಯಾಡ್ವಾ? ನಾನು ಸುಟ್ಟು ಹೋಗ್ತೀನಿ, ಅದಕ್ಕೇನು. ಅದೂ ನನ್ನ ಜೊತೆ ಸುಟ್ಟು ಹೋಗ್ತೈತಲ್ಲ, ಅದಕ್ಕೆ ಸಂಕಟ,’ ಅಂತ ಗೋಡೆ ಕಡೆ ತಿರುಗಿದಳು. ಹೊರಗೆ ಬಂದಾಗ ನನ್ನನ್ನು ಕಳಿಸಲು ಬಂದ ನೇಮಿರಾಜನ ಮುಖ ನೋಡಲಾಗಲಿಲ್ಲ.

ಯಾರಾದರೊಬ್ಬರನ್ನು ಹುಡುಕುತ್ತೇನೆ ಅಂತ ನಾನೇ ಹೊರಟೆ. ಕೈಗವಸು ಹೊಲಿಯುವವನು ಬರಿಗೈ ಕೇಳಿಕೊಂಡು ಬೀದಿ ಬೀದಿ ಅಲೆದದ್ದು ಊರಿಗೆ ತಮಾಷೆಯಾಯಿತು. ಮರುದೇವಮ್ಮನ ತಂಗಿಯ ಮಗಳು ವಿಮಲಾ, ‘ನೇಮಣ್ಣ ದೇವರಂಥೋನು, ಇಲ್ಲ ಅನ್ನಲ್ಲ. ಆದ್ರೆ ನನಗೆ ಇಬ್ಬರು ಮಕ್ಕಳವ್ರೆ. ನಾಳೆ ಅವರಿಗಿಂತ ಇವನೇ ಹೆಚ್ಚು ಅನ್ನಿಸಿಬಿಟ್ರೆ?’ ಅಂದಳು. ತಪ್ಪು ಅನ್ನಲಾಗಲಿಲ್ಲ. ಫುಟ್ಬಾಲ್ ಕ್ಯಾಪ್ಟನ್ ಕಂಡಕ್ಟರ್ ಚನ್ನವೀರ, ‘ಅಯ್ಯೋ, ಆಮೇಲೆ ಗೋಲು ಬಿಟ್ರೆ ಅವನಿಗೆ ಬೈಯೋದು ಹೆಂಗೆ ಹಾಲಪ್ಪ? ಟೀಮು ಹಾಳಾಗೋಗ್ತೈತೆ,’ ಅಂದ. ಟಾಕೀಸಿನ ಮಾಲೀಕರು ಮೂಗು ಮುರಿದರು. ಅವನು ತೋರಿಸಿದ ಸಿನಿಮಾ ಎಲ್ಲರಿಗೂ ಬೇಕು, ಅವನ ಕಾರಿನಲ್ಲಿ ಬಸುರಿ ಹೆಂಗಸರು ಹೆರಿಗೆಗೆ ಹೋಗಬೇಕು, ಅವನು ಬರೆದ ಹಕ್ಕಿಗಳು ಆಸ್ಪತ್ರೆ ಗೋಡೆಯ ಮೇಲೆ ಬೇಕು. ಅವನು ಮಾತ್ರ ಯಾರಿಗೂ ಬೇಡ. ನಾಲ್ಕನೇ ದಿನ ಬರಿಗೈಯಲ್ಲೇ ವಾಪಸ್ಸು ಬಂದು ಸುದ್ದಿ ಹೇಳಿದೆ. ಮರುದೇವಮ್ಮ, ‘ಹೋಗ್ಲಿ ಬಿಡು, ಅವರಿಗೆ ಯೋಗ ಇಲ್ಲ,’ ಅಂದಳು. ನೀನು ಹಿಡಿ ಅಂತ ನನ್ನನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಏನು ನೆವ ಹೇಳಬೇಕು ಅಂತ ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಆ ನೆವವೆಲ್ಲ ನನ್ನ ಬಾಯಲ್ಲೇ ಉಳಿಯಿತು.

ಭಾನುವಾರ ಮಧ್ಯಾಹ್ನ ಉಸಿರು ಕೆಳಗಿಳಿಯಿತು. ಅವತ್ತು ನಾಲ್ಕು ಗಂಟೆಗೆ ಪಕ್ಕದೂರಿನವರ ಮೇಲೆ ಮ್ಯಾಚು. ‘ಹೋಗು,’ ಅಂದಳು ಮಗನಿಗೆ. ‘ಇಲ್ಲೇ ಇದ್ರೆ ನೀನು ಕೈ ಹಾಕದೆ ಬಿಡಲ್ಲ, ನನಗೆ ಗೊತ್ತು. ಗೋಲಲ್ಲಿ ನಿಂತ್ಕೋ. ನನ್ನಾಣೆ.’ ಅವನು ಆಕೆಯ ಪಾದಕ್ಕೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ. ಕೈ ಮುಟ್ಟಲಿಲ್ಲ. ಬಾಗಿಲಲ್ಲಿ ನನ್ನ ಹೆಗಲು ಹಿಡಿದು, ‘ಒಂಟಿ ಬಿಡಬ್ಯಾಡ ಹಾಲಪ್ಪ, ಕೈಗವಸಾದ್ರೂ ಹಾಕ್ಕೊಂಡು ಹಿಡ್ಕೋ,’ ಅಂತ ಹೇಳಿ ಹೋದ.

ಹಿಡಿದುಕೊಂಡೆ. ಹೊಸ ಜೊತೆ, ಹಿಂದಿನ ದಿನವಷ್ಟೇ ಹೊಲಿದದ್ದು. ಮರುದೇವಮ್ಮ ಕಣ್ಣು ಬಿಟ್ಟು ಅದನ್ನು ನೋಡಿದಳು. ‘ಹೊಲಿಗೆ ಸಣ್ಣದಾಗಿ ಚೆನ್ನಾಗಿ ಹಾಕೀಯಾ,’ ಅಂದಳು. ಕುಹಕ ಅಲ್ಲ, ಮನಸಾರೆ ಹೇಳಿದ ಮಾತು. ಕಿಟಕಿಯಿಂದ ಮೈದಾನದ ಗದ್ದಲ ಕೇಳುತ್ತಿತ್ತು. ಒಂದು ಸಲ ಜನ ಜೋರಾಗಿ ಕೂಗಿದರು. ‘ತಡೆದ,’ ಅಂದಳು. ಹೇಗೆ ಗೊತ್ತಾಯಿತೋ! ಆಮೇಲೆ ಕಣ್ಣು ಮುಚ್ಚಿತು, ಮಾತು ನಿಂತಿತು, ಬೆರಳು ಮಾತ್ರ ಆಡುತ್ತಿದ್ದವು. ನನ್ನ ಕೈಗವಸಿನ ಬೆರಳುಗಳ ಮೇಲೆ ಹೋದವು, ಹೆಬ್ಬೆರಳ ಸಂದಿಗೆ ಹೋದವು, ಎಲ್ಲೂ ಚರ್ಮ ಸಿಗಲಿಲ್ಲ. ಮಣಿಕಟ್ಟಿನ ಎಲಾಸ್ಟಿಕ್ ಹತ್ತಿರ ಬಂದು ಒಂದು ಸುತ್ತು ತಡಕಿದವು. ಅಲ್ಲಿ ಕೂಡ ಒಂದು ನೂಲಿನಷ್ಟು ಜಾಗ ಇಲ್ಲ. ಇರಬಾರದು ಅಂತಲೇ ಮೂವತ್ತನಾಲ್ಕು ವರ್ಷ ನಾನು ಅಲ್ಲಿ ಎರಡು ಹೊಲಿಗೆ ಹಾಕುತ್ತಿದ್ದೆ. ಆ ಬೆರಳು ಇನ್ನೊಂದು ಸುತ್ತು ಬಂದವು. ಹೀಗೆ ಎಷ್ಟು ಜನರ ಬೆರಳು ನನ್ನ ಹೊಲಿಗೆಯ ಮೇಲೆ ಸುತ್ತಿ ಸುತ್ತಿ ಸೋತಿವೆಯೋ, ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಕಸುಬಿನ ಮೇಲೆ ನನಗೆ ನಾಚಿಕೆಯಾಯಿತು. ಹಲ್ಲಲ್ಲಿ ಕಚ್ಚಿ ಕೈಗವಸು ಕಿತ್ತು ಬಿಸಾಡಿ ಆಕೆಯ ಕೈ ಹಿಡಿದೆ.

ಮಿಂಚು ಗಿಂಚು ಏನೂ ಹೊಡೆಯಲಿಲ್ಲ. ಸಣ್ಣ, ಬಿಸಿಯಾದ, ಒರಟು ಅಂಗೈ. ಅದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಆಕೆ ಕಣ್ಣು ಬಿಡಲಿಲ್ಲ, ಆದರೆ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ. ‘ಹಲಸಿನಹಣ್ಣು ಕೊಡಬ್ಯಾಡ. ಆಸೆಪಡ್ತಾನೆ. ತಿಂದ್ರೆ ಮೈಯೆಲ್ಲ ದದ್ದು,’ ಅಂದಳು. ಅದೇ ಕೊನೆಯ ಮಾತು.

ಕೈ ಬಿಡಿಸಿಕೊಂಡು, ಆಕೆಗೆ ಹೊದಿಸಿ, ಕೈಗವಸು ಮತ್ತೆ ಹಾಕಿಕೊಂಡು ಸುದ್ದಿ ಹೇಳಲು ಮೈದಾನಕ್ಕೆ ನಡೆದೆ. ದಾರಿಯಲ್ಲಿ ನನಗೆ ಬಂದ ಮೊದಲ ಯೋಚನೆ, ಈ ಬಿಸಿಲಿಗೆ ಆ ಪ್ರಾಣಿ ಟೋಪಿ ಹಾಕಿಕೊಂಡು ಹೋಗಿದೆಯೋ ಇಲ್ಲವೋ ಅಂತ. ಮೈದಾನದ ಅಂಚಿಗೆ ಬಂದೆ. ಗೋಲಿನಲ್ಲಿ ನಿಂತಿದ್ದ. ಬೋಳುತಲೆ ಬೆವರಿ ಹೊಳೆಯುತ್ತಿತ್ತು, ನಾನೇ ಹೊಲಿದುಕೊಟ್ಟ ದೊಗಳೆ ಚಡ್ಡಿ ಗಾಳಿಗೆ ಪಟಪಟ ಅನ್ನುತ್ತಿತ್ತು. ಅವನು ಮನೆ ಕಡೆಯ ದಾರಿಯನ್ನೇ ನೋಡುತ್ತಿದ್ದ, ಚೆಂಡನ್ನಲ್ಲ. ಇಂಥ ಚೆಂದದ ಗಂಡಸು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅನ್ನಿಸಿತು ನನಗೆ. ಅಯ್ಯೋ ಶಿವನೇ, ಐವತ್ತೆಂಟನೇ ವಯಸ್ಸಿಗೆ ಇದೇನು ಬಂತು ಅಂತ ಗಾಬರಿಯೂ ಆಯಿತು. ಅವನು ನನ್ನನ್ನು ನೋಡಿದ. ನನ್ನ ಕೈಯಲ್ಲಿದ್ದ ಬಿಳಿ ಕೈಗವಸು ನೋಡಿದ. ಎಲ್ಲ ಮುಗಿಯಿತು ಅಂತ ಗೊತ್ತಾಗಿ ಗೋಲಿನ ಕಂಬ ಹಿಡಿದು ಕೂತುಬಿಟ್ಟ. ಚೆಂಡು ಅವನ ಪಕ್ಕದಿಂದ ಒಳಗೆ ಹೋಯಿತು.

ನಾನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕೈಗವಸಿನವನೇ ಕೈಗವಸು ಕಿತ್ತ ಅಂದರೆ ನಾಳೆಯಿಂದ ಅಂಗಡಿಗೆ ಯಾರು ಬರುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಅವನಿಗೆ ಗೊತ್ತಾದರೆ ಹಾಲಪ್ಪನಿಗೆ ಹೊರೆಯಾದೆ ಅಂತ ಸಂಕೋಚಪಡುತ್ತಾನೆ ಅನ್ನಿಸಿತು. ಹೆಂಡತಿ ಹನುಮಕ್ಕನ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ. ಮೂರನೇ ದಿನ ರೊಟ್ಟಿ ಬಡಿಯುತ್ತ, ‘ಏನ್ರೀ, ಊಟಕ್ಕೆ ಕೂತಾಗೆಲ್ಲ ಪಕ್ಕದ ಮನೆ ಕಡೆ ನೋಡ್ತೀರಿ, ಒಬ್ಬರೇ ನಗ್ತೀರಿ, ಕಣ್ಣು ಒರೆಸ್ಕೊಂತೀರಿ. ಮುದುಕಿ ಕೈ ಹಿಡಿದ್ರಾ?’ ಅಂದಳು. ತಲೆ ತಗ್ಗಿಸಿದೆ. ಆಕೆ ಬೈಯಲಿಲ್ಲ. ಎರಡು ರೊಟ್ಟಿ ಜಾಸ್ತಿ ಬಡಿದು ಬುಟ್ಟಿಯಲ್ಲಿಟ್ಟಳು. ಅಲ್ಲಿಗೆ ಕಳಿಸಲು ನೆವ ಹುಡುಕುವ ಕೆಲಸ ನನಗೆ ಬಿಟ್ಟಳು.

ಇಷ್ಟು ಹೊತ್ತು ನಾನು ಅವನನ್ನು ಹೊಗಳಿದ್ದೆಲ್ಲ ನನ್ನ ಮಾತಲ್ಲ, ಆ ಮುದುಕಿಯ ಮಾತು ಅಂತ ನಿಮಗೆ ಅನ್ನಿಸಬಹುದು. ಇರಬಹುದು. ಚಿಲಕದ ಮೇಲಿನ ಬೆಳಕು, ಆ ತಾಯಿ ನಕ್ಕಿದ್ದು, ಇವೆಲ್ಲ ಆಗ ನನಗೆ ಇಷ್ಟು ಚೆಂದ ಕಂಡಿದ್ದವೋ ಅಥವಾ ಈಗ ನೆನೆದಾಗ ಕಾಣುತ್ತವೋ, ನನಗೇ ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ನಡೆದದ್ದಂತೂ ನಡೆದದ್ದೇ, ಒಂದನ್ನೂ ಕಟ್ಟಿ ಹೇಳಿಲ್ಲ. ಅವನಲ್ಲಿ ಅಷ್ಟು ಇಲ್ಲದಿದ್ದರೆ ಮುದುಕಿಗಾದರೂ ಎಲ್ಲಿಂದ ಬರಬೇಕಿತ್ತು?

ಹನ್ನೊಂದು ದಿನ ಪಕ್ಕದ ಮನೆಯಿಂದ ಸದ್ದಿಲ್ಲ. ಸ್ಪೀಕರು ಮಾತಾಡಲಿಲ್ಲ, ಕಾರು ಮುಸುಕು ಹೊದ್ದು ನಿಂತಿತ್ತು, ಟಾಕೀಸಿನಲ್ಲಿ ಆಟ ನಿಂತಿತ್ತು. ಊರು ನಿಜವಾಗಿಯೂ ಶಾಂತವಾಯಿತು. ನನಗೆ ಆ ಶಾಂತಿಯಲ್ಲಿ ಒಂದು ಗುಂಡಿ ಕೂಡ ನೆಟ್ಟಗೆ ಹಚ್ಚಲಾಗಲಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ ನೇಮಿರಾಜ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಗಡ್ಡ ಬೆಳೆದಿತ್ತು. ಬಾಗಿಲಲ್ಲೇ ನಿಂತು ಕೇಳಿದ.

‘ಹಾಲಪ್ಪ, ಅವ್ವ ಹೋಗೋವಾಗ ಕೈಗವಸು ಹಾಕ್ಕೊಂಡೇ ಹಿಡಿದಿದ್ಯಾ?’

‘ಮತ್ತಿನ್ನೇನು? ನನ್ನ ಕಸುಬು ಅದೇ ಅಲ್ವಾ?’ ಅಂದೆ. ತಲೆ ಎತ್ತಲಿಲ್ಲ.

‘ಹೂಂ,’ ಅಂದ. ‘ಹಂಗಾದ್ರೆ ಸುಟ್ಟು ಹೋಯ್ತು. ಹೋಗ್ಲಿ, ಕೇಳಬೇಕು ಅನ್ನಿಸ್ತು, ಕೇಳಿದೆ.’ ತಿರುಗಿ ಹೊರಟ.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಅವನು ತಿರುಗಿದಾಗ ಹಿಂದಿನಿಂದ ಅವನ ಕತ್ತು ಕಂಡಿತು. ಬಡಕಲಾಗಿತ್ತು, ಅಂಗಿಯ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಜಾಗವಾಗಿತ್ತು. ನನ್ನ ಬಾಯಿ ನನ್ನ ಕೈಲಿ ನಿಲ್ಲಲಿಲ್ಲ. ‘ಯಾಕೋ, ಯಾಕೋ ಹಿಂಗೆ ಸೊರಗೀಯಾ? ಕನ್ನಡಿ ನೋಡ್ಕೊಂಡ್ಯಾ? ಸ್ನಾನ ಮಾಡಿ ಎಷ್ಟು ದಿನ ಆಯ್ತು? ಆ ಹಾಳು ಹಾಡನ್ನಾದ್ರೂ ಹಾಕ್ಕೊಂಡು ಕುಣೀಬಾರದಾ, ಹಿಂಗೆ ಮೂಲೇಲಿ ಕೂತ್ರೆ ಆಯ್ತಾ ನನ್ನಪ್ಪ?’ ಅಂತ ಗದರಿಬಿಟ್ಟೆ.

ಅವನು ಮೆಟ್ಟಿಲ ಮೇಲೆ ನಿಂತ. ಇಪ್ಪತ್ತು ವರ್ಷದಿಂದ ಈ ಮನುಷ್ಯ ಊರಿನ ಎಲ್ಲರ ನೋವೂ ಕೇಳಿದ್ದಾನೆ. ತನಗೆ ತಲೆನೋವು ಅಂತ ಒಬ್ಬರ ಹತ್ತಿರವೂ ಹೇಳಿದ್ದನ್ನು ನಾನು ಕೇಳಿಲ್ಲ. ಅವನು ಮೆಲ್ಲಗೆ ಒಳಗೆ ಬಂದು, ಬಟ್ಟೆಯ ಗಂಟು ಸರಿಸಿ, ನನ್ನ ಮೆಷಿನ್ನಿನ ಪಕ್ಕ ಬೆಂಚಿನ ಮೇಲೆ ಕೂತ. ಪ್ಯಾಂಟು ಮೇಲಕ್ಕೆತ್ತಿ ಊದಿದ ಮೊಣಕಾಲು ತೋರಿಸಿದ.

‘ಅವತ್ತು ಗೋಲಲ್ಲಿ ಬಿದ್ದಿದ್ದು. ಹನ್ನೆರಡು ದಿನದಿಂದ ಬಹಳ ನೋಯ್ತೈತೆ,’ ಅಂದ.